ಸೀಗೆಕಟ್ಟೆ ಕೆರೆಯ ಕಪ್ಪು ಬೆನ್ನು

ಸುಕೃತಿ ಮಾತು ನಿಲ್ಲಿಸಿದ್ದು ಒಂದೇ ಸಲಕ್ಕಲ್ಲ. ಮೊದಲು ಶಾಲೆಯ ಸುದ್ದಿ ನಿಂತಿತು. ಆಮೇಲೆ ವ್ಯಾನಿನಲ್ಲಿ ಯಾರು ಯಾರ ಪಕ್ಕ ಕೂತರು ಎನ್ನುವುದು ನಿಂತಿತು. ಕೊನೆಗೆ, ನಾನು ಸೊಪ್ಪು ಬಿಡಿಸುತ್ತ ಕೂತಾಗ ಪಕ್ಕಕ್ಕೆ ಬಂದು ಕೇಳದೆಯೇ ಹೇಳುತ್ತಿದ್ದ ಸಣ್ಣಪುಟ್ಟ ಸಂಗತಿಗಳೂ ನಿಂತುಹೋದವು. ಎಂಟು ವರ್ಷದ ಮಗು ತೆಪ್ಪಗೆ ಊಟ ಮಾಡಿ, ತಟ್ಟೆ ಸಿಂಕಿಗೆ ಹಾಕಿ, ಹೋಂವರ್ಕ್ ಮುಗಿಸಿ ಮಲಗುವುದನ್ನು ನೋಡಿದವರಿಗೆ ಎಂಥ ಜಾಣೆ ಅನ್ನಿಸೀತು. ನನಗೆ ಮಾತ್ರ ಮನೆಯಲ್ಲಿ ಫ್ಯಾನು ಕೆಟ್ಟುನಿಂತ ಹಾಗೆ ಆಗುತ್ತಿತ್ತು.

ಕಾರಣ ಸೀಗೆಕಟ್ಟೆ ಕೆರೆ.

ಮಾಕಳಿಯಲ್ಲಿ ನಾವು ಬಾಡಿಗೆಗಿರುವುದು ವೆಂಕಟೇಶಪ್ಪನವರ ಮನೆಯ ಮಹಡಿಯಲ್ಲಿ. ಕೆಳಗೆ ಅವರು, ಅವರ ಹೆಂಡತಿ ಮರಿಯಮ್ಮ, ಮಗ, ಸೊಸೆ, ಮೊಮ್ಮಗಳು ಗಾನವಿ. ಗಾನವಿ ಮತ್ತು ಸುಕೃತಿ ಒಂದೇ ಕ್ಲಾಸು. ಶಾಲೆಯ ವ್ಯಾನು ತುಮಕೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ಇಳಿಸಿದರೆ, ಇಬ್ಬರೂ ಕೆರೆಯ ಏರಿಯ ಮೇಲೆ ನಡೆದು ಬರುತ್ತಾರೆ. ಈಚೆ ತುದಿಯಲ್ಲಿ ನಾನು ನಿಂತಿರುತ್ತೇನೆ. ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತ್ತಲ್ಲ, ಅಂಥದೊಂದು ಮಧ್ಯಾಹ್ನ ಮನೆಯ ಸಂಪ್‌ಗೆ ನಲ್ಲಿ ನೀರು ಬಿಟ್ಟರೆಂದು ನಾನು ತಡವಾಗಿ ಹೊರಟೆ. ನಾನು ಏರಿ ಮುಟ್ಟುವಷ್ಟರಲ್ಲಿ ಸುಕೃತಿ ಏದುಸಿರು ಬಿಡುತ್ತ ಓಡಿ ಬಂದಳು.

"ಅಮ್ಮಾ, ಕೆರೇಲಿ ಏನೋ ಎದ್ದು ನಿಂತ್ಕೊಳ್ತು! ಎಮ್ಮೆಗಿಂತ ದೊಡ್ಡದು. ಕಪ್ಪು ಬೆನ್ನು, ಮೈತುಂಬ ಕೂದಲು. ಉದ್ದ ಕುತ್ತಿಗೆ ಅಮ್ಮಾ, ಹಿಂಗೆ ಹಿಂಗೆ ಅಲ್ಲಾಡಿಸ್ತು! ಆಮೇಲೆ ಮುಳುಗೋಯ್ತು."

ಹಿಂದೆ ಬಂದ ಗಾನವಿಯನ್ನು ಕೇಳಿದೆ. ಅವಳು ಆ ಹೊತ್ತಿಗೆ ಬಗ್ಗಿ ಕಿತ್ತುಹೋದ ಚಪ್ಪಲಿಯ ಉಂಗುಷ್ಟ ಸಿಕ್ಕಿಸುತ್ತಿದ್ದಳಂತೆ. "ನಾನ್ ನೋಡ್ದಾಗ ಬರೀ ನೀರು ಇತ್ತು ಆಂಟಿ," ಅಂದಳು.

ಅವರ ಕ್ಲಾಸಿನಲ್ಲಿ ಪ್ರತಿ ಸೋಮವಾರ ಮಕ್ಕಳು ಎದ್ದು ನಿಂತು, ತಾವು ನೋಡಿದ ಒಂದು ಹೊಸ ಸಂಗತಿ ಹೇಳಬೇಕು. ಸುಕೃತಿ ಇದನ್ನು ಹೇಳಿದಳು. ಕ್ಲಾಸು ಗೊಳ್ಳೆಂದಿತು. ಯಾರೋ "ಡೈನೋಸಾರ್ ಸುಕೃತಿ" ಅಂದರು. ಸುಕೃತಿ ಗಾನವಿಯ ಕಡೆ ತಿರುಗಿದಳು. ಗಾನವಿ ಎದ್ದು ನಿಂತು, "ನಾನ್ ಏನೂ ನೋಡಿಲ್ಲ," ಅಂದಳು. ಅದು ಸುಳ್ಳೇನಲ್ಲ. ಆದರೆ ಅಂದಿನಿಂದ ಇಬ್ಬರೂ ಏರಿಯ ಮೇಲೆ ಹಿಂದುಮುಂದಾಗಿ ನಡೆದು ಬರತೊಡಗಿದರು.

ನನ್ನ ಗಂಡ ಸುಧೀಂದ್ರ ಪೀಣ್ಯದ ಮಶೀನ್ ಶಾಪೊಂದರಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವವರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರು. "ಪುಟ್ಟಾ, ನೀರಿನ ಮೇಲೆ ಅಳತೆ ಸಿಗಲ್ಲ. ಪಕ್ಕದಲ್ಲಿಟ್ಟು ನೋಡೋಕೆ ಗಿಡ, ಮನೆ ಏನೂ ಇರಲ್ಲ. ಅದಕ್ಕೇ ಚಿಕ್ಕದು ದೊಡ್ಡದಾಗಿ ಕಾಣತ್ತೆ. ಬಾತುಕೋಳಿ ಇದ್ದಿರಬಹುದು."

"ಬಾತುಕೋಳಿಗೆ ಕೂದಲಿರತ್ತಾ ಅಪ್ಪಾ?"

"ಇರಲ್ಲ..."

"ಮತ್ತೆ!" ಅಂದವಳೇ ಇಳಿದು ಹೋದಳು.

ಕೆಳಗೆ ವೆಂಕಟೇಶಪ್ಪನವರಂತೂ ವಿಷಯ ಕೇಳುತ್ತಲೇ ಕೈ ಅಲ್ಲಾಡಿಸಿಬಿಟ್ಟರು. "ಕೆರ್ಯಾಗೆ ಏನೂ ಇಲ್ಲ ಮಗಾ. ನಾನು ಉಟ್ಟಿದಾಗಿಂದ ನೋಡ್ತಿವ್ನಿ. ನೀನು ಆ ಕಡೀಕೆ ನೋಡ್ಲೇಬ್ಯಾಡ, ಸುಮ್ಕೆ ಬಾ." ಯಾವಾಗಲೂ ಒಂದು ಮಾತಿಗೆ ಹತ್ತು ಮಾತು ಸೇರಿಸುವ ಮನುಷ್ಯ, ಅಷ್ಟು ಹೇಳಿ ಪೇಪರ್ ಅಡ್ಡ ಹಿಡಿದದ್ದು ನನಗೆ ವಿಚಿತ್ರವಾಗಿ ಕಂಡಿತು.

ಆ ಸಂಜೆ ಅವಳ ಜಡೆ ಬಿಚ್ಚುತ್ತ ಕೂತಿದ್ದೆ. ಅವಳು ಮೆಲ್ಲಗೆ ಕೇಳಿದಳು. "ಅಮ್ಮಾ, ಇಲ್ದೇ ಇರೋದು ನನ್ನ ಕಣ್ಣಿಗೆ ಕಾಣತ್ತಾ?"

ನನ್ನ ಕೈ ನಿಂತಿತು. ತನ್ನ ಕಣ್ಣನ್ನೇ ನಂಬದಿರುವ ಮಗು ನಾಳೆ ಇನ್ನು ಯಾವುದನ್ನು ನನಗೆ ಬಂದು ಹೇಳೀತು?

"ನೀನು ನೋಡಿದ್ದು ನೋಡಿದ್ದೇ," ಅಂದೆ. "ಏನೋ ಒಂದು ಎದ್ದಿತ್ತು. ಅದೇನು ಅಂತ ನಾವಿಬ್ಬರೂ ನೋಡೋಣ."

"ನೀನು ನಂಬ್ತೀಯಾ?"

"ಎದ್ದಿದ್ದು ನಂಬ್ತೀನಿ. ಏನು ಎದ್ದಿದ್ದು ಅಂತ ನನಗೂ ಗೊತ್ತಿಲ್ಲ."

ಅಂದಿನಿಂದ ನಮ್ಮ ಕೆರೆ ಕಾಯುವ ಕೆಲಸ ಶುರುವಾಯಿತು. ಬೆಳಿಗ್ಗೆ ಕುಕ್ಕರ್ ಇಟ್ಟು, ವಿಸಿಲ್ ಬಂದ ಕೂಡಲೇ ಆರಿಸಿ, ವ್ಯಾನಿಗೆ ಹೋಗುವಾಗ ಸ್ವಲ್ಪ ಬೇಗನೆ ಹೊರಟು ಏರಿಯ ಮೇಲೆ ನಿಲ್ಲುತ್ತಿದ್ದೆವು. ಒಂದು ದಿನ ಆಚೆ ದಡದ ಹತ್ತಿರ ಕಪ್ಪು ಗೂನುಗಳ ಸಾಲೊಂದು ಏಳುತ್ತ ಮುಳುಗುತ್ತ ಬಂತು. ನಿಜಕ್ಕೂ ಒಂದೇ ಪ್ರಾಣಿ ಬೆನ್ನು ಬಳುಕಿಸುತ್ತ ಬಂದಂತಿತ್ತು. ಹತ್ತಿರ ಬಂದಾಗ ನೋಡಿದರೆ ನೀರುಕಾಗೆಗಳು, ಸಾಲಾಗಿ ಈಜುತ್ತ ಮೀನಿಗೆ ಮುಳುಗು ಹಾಕುತ್ತಿದ್ದವು.

"ಇದೇ ಇರಬಹುದಾ?" ಅಂದೆ, ಆಸೆಯಿಂದ.

ಅವಳು ಅಲ್ಲವೆಂದು ತಲೆಯಾಡಿಸಿದಳು. "ಅದು ಒಂದೇ ಇತ್ತು ಅಮ್ಮಾ. ನಿಂತಲ್ಲೇ ಇತ್ತು."

ಇನ್ನೊಂದು ದಿನ ಯಾರದೋ ಎಮ್ಮೆ ಕೆರೆಗಿಳಿದು ಮೂಗು ಮಾತ್ರ ಮೇಲಿಟ್ಟು ಈಜುತ್ತಿತ್ತು. "ಎಮ್ಮೆ ನನಗೆ ಗೊತ್ತು," ಅಂದಳು. ಗಾಳಿ ಬೀಸಿ ನೀರಿನ ಮೇಲೆ ಕಪ್ಪು ಪಟ್ಟೆ ಎಳೆದಾಗಲೂ ಅಲ್ಲ, ದೊಡ್ಡ ಮೀನೊಂದು ದಬಾರನೆ ಹಾರಿ ಬಿದ್ದಾಗಲೂ ಅಲ್ಲ. ಶನಿವಾರ ಬರುವ ಹೊತ್ತಿಗೆ ನನಗೂ ಸುಸ್ತು. ನೀರುಕಾಗೆ ಅಂತಲೇ ಒಪ್ಪಿಕೋ ತಾಯೀ, ಕ್ಲಾಸಿನಲ್ಲಿ ಹಾಗೇ ಹೇಳಿಬಿಡು ಎಂದು ಬಾಯಿಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳು ಕೂಡ, ನನಗೋಸ್ಕರ. ಅದಕ್ಕೇ ಹೇಳಲಿಲ್ಲ.

ಆ ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ದೋಸೆಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತಿ, ಕಟ್ಟೆಯ ಮೇಲೆಲ್ಲ ಹರಿದಿತ್ತು. ಬೇಸಿಗೆ ಬಂತೆಂದು ಗೊತ್ತಿದ್ದೂ ಪಾತ್ರೆ ತುಂಬ ಹಿಟ್ಟು ಹಾಕಿದ್ದೆ. ಬಟ್ಟೆ ತರಲು ತಿರುಗಿದರೆ ಸುಕೃತಿ ಸೌಟು ಹಿಡಿದು ಪಾತ್ರೆಯೊಳಗೆ ಇಣುಕುತ್ತಿದ್ದಳು. ಸೌಟು ತಿರುವಿದಳು. ಉಬ್ಬಿದ ಹಿಟ್ಟು ಪುಸ್ಸೆಂದು ಅರ್ಧಕ್ಕಿಳಿಯಿತು.

"ಮುಳುಗೋಯ್ತು," ಅಂದಳು.

"ಒಳಗೆ ಗಾಳಿ ಹುಟ್ಟಿರತ್ತಲ್ಲ, ಅದು ಎತ್ತಿ ಹಿಡಿದಿತ್ತು. ನೀನು ತಿರುವಿದೆ, ಗಾಳಿ ಹೋಯ್ತು, ಹಿಟ್ಟು ಇಳೀತು."

ಅವಳು ಸೌಟು ಹಿಡಿದೇ ನಿಂತಳು. "ಚಳಿಗಾಲದಲ್ಲಿ ಯಾಕೆ ಉಬ್ಬಲ್ಲ?"

"ಶೆಕೆ ಇದ್ದರೆ ಬೇಗ ಹುಳಿ ಬರತ್ತೆ, ಬೇಗ..." ಅನ್ನುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. "ಸುಕ್ಕೂ, ಅವತ್ತು ನೀರಲ್ಲಿ ಗುಳ್ಳೆ ಬಂದಿತ್ತಾ?"

"ಬಂದಿತ್ತು! ಅದು ಉಸಿರಾಡ್ತಿದೆ ಅನ್ಕೊಂಡೆ. ವಾಸನೇನೂ ಬಂತು. ಮೋರಿ ಥರ."

ಕೆರೆಯ ತಳದಲ್ಲಿ ಏನೋ ಕೊಳೆಯುತ್ತಿದೆ. ಬಿಸಿಲೇರಿದಾಗ ಅದರೊಳಗೆ ಗಾಳಿ ತುಂಬಿ ಮೇಲೆತ್ತುತ್ತದೆ. ನಾವು ದಿನಾ ನೋಡಲು ಹೋಗುತ್ತಿದ್ದದ್ದು ಬೆಳಗಿನ ತಂಪಿನಲ್ಲಿ. ಮಧ್ಯಾಹ್ನ ಶಾಲೆಯಿಂದ ಬರುವಾಗ ಇವಳು ತಲೆಯೆತ್ತದೆ ನಡೆಯುತ್ತಿದ್ದಳು. ನೋಡಬೇಕಾದದ್ದು ಸುಡುವ ಬಿಸಿಲಿನಲ್ಲಿ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

ಮಧ್ಯಾಹ್ನ ಊಟದ ಪಾತ್ರೆಗಳನ್ನು ಹಾಗೇ ಸಿಂಕಿನಲ್ಲಿ ಬಿಟ್ಟು, ಕೊಡೆ ಹಿಡಿದು ಹೊರಟೆವು. ಏರಿಯ ಮೇಲೆ ಮರಿಯಮ್ಮ ಆಗಲೇ ದೋಟಿ ಹಿಡಿದು ಹುಣಸೆಹಣ್ಣು ಉದುರಿಸುತ್ತಿದ್ದರು. ಬಿದ್ದದ್ದನ್ನು ಗಾನವಿ ಚೀಲಕ್ಕೆ ತುಂಬುತ್ತಿದ್ದಳು. ನಮ್ಮನ್ನು ನೋಡಿ ಅವಳು ಮರದ ಆಚೆ ಬದಿಗೆ ಸರಿದಳು.

"ಏನ್ ವಾಸಂತಿ, ಈ ಉರಿಬಿಸ್ಲಾಗೆ ಮಗೀನ ಕರ್ಕಂಡು ವಾಕಿಂಗಾ?"

"ಕೆರೇಲಿ ಎದ್ದಿದ್ದನ್ನ ನೋಡೋಕೆ ಬಂದ್ವಿ ಮರಿಯಮ್ಮನೋರೇ."

"ಎದ್ರೆ ನಂಗೂ ಒಂದ್ ಮಾತು ಏಳು. ಅದರ ಬೆನ್ ಮ್ಯಾಲೆ ಉಣಿಸೆಣ್ಣು ಒಣಗಾಕ್ತೀನಿ," ಅಂದು ದೋಟಿ ಎತ್ತಿದರು.

ನಾವು ನೆರಳಲ್ಲಿ ಕೂತೆವು. ನೀರು ತಗಡಿನಂತೆ ಹೊಳೆಯುತ್ತಿತ್ತು. ಹೆದ್ದಾರಿಯ ಲಾರಿಗಳ ಸದ್ದು, ಯಾವುದೋ ಫ್ಯಾಕ್ಟರಿಯ ಸೈರನ್ನು. ಸುಕೃತಿ ಮಡಿಲಲ್ಲಿ ಕೈಯಿಟ್ಟು, ಕಣ್ಣು ಮಿಟುಕಿಸಿದರೆ ತಪ್ಪಿಹೋದೀತು ಎನ್ನುವಂತೆ ಕೂತಿದ್ದಳು. ಬಹಳ ಹೊತ್ತು ಏನೂ ಆಗಲಿಲ್ಲ. ನನಗೆ ತೊಳೆಯದ ಪಾತ್ರೆಗಳು ನೆನಪಾಗತೊಡಗಿದವು.

ಆಗ ಗುಳ್ಳೆಗಳು ಬಂದವು. ಮೊದಲು ಒಂದೊಂದು, ಆಮೇಲೆ ಸಾರು ಕುದಿಯುವಂತೆ. ನೀರು ಉಬ್ಬಿ, ಅದರ ನಡುವಿನಿಂದ ಒಂದು ಕಪ್ಪು ಬೆನ್ನು ನಿಧಾನವಾಗಿ ಮೇಲೆದ್ದಿತು. ಒದ್ದೆ ಕೂದಲು ಜೋತುಬಿದ್ದ, ನಮ್ಮ ಹಾಲ್‌ನಷ್ಟು ಅಗಲದ ಬೆನ್ನು. ಕಾರಣ ಗೊತ್ತಿದ್ದೂ ನಾನು ಮಗಳ ಕೈ ಹಿಡಿದುಕೊಂಡೆ.

"ಅಜ್ಜೀ!" ಗಾನವಿ ಕಿರುಚಿ, ಚೀಲ ಬಿಸಾಕಿ ಓಡಿ ಬಂದು ಸುಕೃತಿಯ ಬೆನ್ನ ಹಿಂದೆ ಅವಿತಳು. "ಅಯ್ಯಯ್ಯೋ, ಇದೆ ಕಣೇ! ನಿಜವಾಗ್ಲೂ ಇದೆ!"

"ಇದೆ ಅಂತ ಹೇಳ್ಲಿಲ್ವಾ ನಾನು," ಅಂದಳು ಸುಕೃತಿ.

ಬೆನ್ನಿನ ಪಕ್ಕದಲ್ಲೇ ನೀರಿನಿಂದ ಹಾವಿನಂಥ ಕುತ್ತಿಗೆಯೊಂದು ಎದ್ದಿತು. ಆಚೀಚೆ ಬಳುಕಿತು. ಮರುಕ್ಷಣ ಅದೇ ಕುತ್ತಿಗೆಯ ಹಕ್ಕಿಯೊಂದು ನೀರಿನಿಂದ ಆ ಬೆನ್ನನ್ನೇರಿ, ಎರಡೂ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳಲು ನಿಂತಿತು.

"ಆವಕ್ಕಿ ಅಲ್ವಾ ಅದು," ಮರಿಯಮ್ಮ ದೋಟಿ ಊರಿಕೊಂಡು ಬಂದರು. "ಮೈಯೆಲ್ಲ ನೀರಾಗೆ ಮುಳುಗ್ಸಿ ಕುತ್ಗೆ ಒಂದು ಮ್ಯಾಲಿಟ್ಕಂಡು ಈಜ್ತದೆ. ಅದು ಸರಿ, ಈ ಕರ್ರಗಿರೋದು ಯಾವ ಮಾರಿ?"

ಬೆನ್ನಿನ ಅಂಚಿನಿಂದ ಚಾಪೆಯಷ್ಟು ಚೂರೊಂದು ಕಳಚಿ, ಗಾಳಿಗೆ ತೇಲುತ್ತ ಏರಿಯ ಕಡೆಗೆ ಬಂತು. ಮಕ್ಕಳನ್ನು ಮೇಲೆಯೇ ನಿಲ್ಲಿಸಿ ನಾನು, ಮರಿಯಮ್ಮ ನೀರಿನಂಚಿನ ಕಲ್ಲುಹಾಸಿನವರೆಗೆ ಇಳಿದೆವು. ಅವರು ದೋಟಿಯ ಕೊಕ್ಕೆ ಹಾಕಿ ಎಳೆದರು. ಗಬ್ಬು ನಾತ. ಕೂದಲಿನಂತೆ ಹೆಣೆದುಕೊಂಡ ಬೇರು, ಕೊಳೆತ ದಂಟು, ಕೆಸರು. ಮರಿಯಮ್ಮ ಒಂದು ದಂಟು ಮುರಿದು ಗೆಣ್ಣು ನೋಡಿದರು. ಸೊಂಟದ ಮೇಲೆ ಕೈಯಿಟ್ಟು ಜೋರಾಗಿ ನಗತೊಡಗಿದರು.

"ಅಯ್ಯೋ, ಇದು ನಮ್ ಸೀಮೆಉಲ್ಲು ಕಣವ್ವಾ! ಕೆರೆ ಒಣಗಿ ಬಯಲಾಗಿತ್ತಲ್ಲ, ಇನ್ನು ಈ ಜನ್ಮದಾಗೆ ಇದು ತುಂಬಾಕಿಲ್ಲ ಅಂತ ನಮ್ ಯಜಮಾನ್ರು ಅಷ್ಟಗಲಕ್ಕೂ ಅಸುಗಳಿಗೆ ಉಲ್ಲು ನೆಟ್ಟಿದ್ರು. ಆಮ್ಯಾಲೆ ಮಳೆ ಉಯ್ದು ಎಲ್ಲಾ ಮುಳುಗ್ತು. ಕೆರೆ ಜಾಗ, ಯಾರ್ಗೂ ಬಾಯಿ ಬಿಡ್ಬ್ಯಾಡ ಅಂದಿದ್ರು. ನೋಡು, ಉಲ್ಲೇ ಎದ್ದು ಬಂದು ಬಾಯಿ ಬಿಡ್ತಾ ಅದೆ!"

ವೆಂಕಟೇಶಪ್ಪನವರು ಪೇಪರ್ ಅಡ್ಡ ಹಿಡಿದದ್ದು ಯಾಕೆಂದು ಆಗ ತಿಳಿಯಿತು.

ನಾವು ನೋಡುತ್ತಿದ್ದಂತೆ ಕಪ್ಪು ಬೆನ್ನು ಗುಳುಗುಳು ಎಂದು ಗಾಳಿ ಬಿಟ್ಟು, ಒಂದು ಬದಿಗೆ ವಾಲಿ, ಇಳಿದುಹೋಯಿತು. ಹಾವಕ್ಕಿ ಕೊನೆಯವರೆಗೂ ಕದಲದೆ, ಕಾಲು ಮುಳುಗಿದ ಮೇಲೆ ಬೇಸರದಿಂದ ಹಾರಿತು. ಕೆರೆ ಮತ್ತೆ ಬರೀ ನೀರಾಯಿತು.

"ದೋಸೆಹಿಟ್ಟು," ಅಂದಳು ಸುಕೃತಿ.

"ಏನೇ ಅದು?" ಗಾನವಿ ಕೇಳಿದಳು. ಸುಕೃತಿ ಹೇಳತೊಡಗಿದಳು. ಹಿಟ್ಟು, ಮುಚ್ಚಳ, ಸೌಟು, ಗಾಳಿ, ನೀರುಕಾಗೆ, ಎಮ್ಮೆ. ಮನೆ ಮುಟ್ಟುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಗೇಟಿನ ಹತ್ತಿರ ಮಾತ್ರ ನಿಂತು ಕೇಳಿದಳು. "ಸೋಮವಾರ ಕ್ಲಾಸಲ್ಲಿ ಹೇಳ್ತೀಯಾ, ನೀನೂ ನೋಡ್ದೆ ಅಂತ?"

ಗಾನವಿ ಚಪ್ಪಲಿಯಿಂದ ಮಣ್ಣು ಗೀರಿದಳು. "ಹೇಳ್ತೀನಿ. ಆದ್ರೆ ಫಸ್ಟ್ ನೀನು."

ಜಗಲಿಯ ಮೇಲಿದ್ದ ವೆಂಕಟೇಶಪ್ಪನವರ ಮುಂದೆ ಮರಿಯಮ್ಮ ಆ ಬೇರಿನ ಕಂತೆಯನ್ನು ಧಪ್ಪೆಂದು ಹಾಕಿದರು. "ತಗಳಿ, ನಿಮ್ ಬೆಳೆ ಬಂದೈತೆ."

ಅವರು ಅದನ್ನೂ ನೋಡಿದರು, ನಮ್ಮನ್ನೂ ನೋಡಿದರು.

"ಏನ್ ತಾತಾ, ಕೆರೇಲಿ ಏನೂ ಇಲ್ಲ ಅಂದ್ರಿ?" ಸುಕೃತಿ ಕೇಳಿದಳು.

"ಪ್ರಾಣಿ ಇಲ್ಲ ಅಂದಿದ್ದು ಮಗಾ. ಉಲ್ಲಿನ ಮಾತು ನೀನೆಲ್ಲಿ ಕೇಳ್ದೆ?" ಅಂದವರು ಕಂತೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿದರು. "ನೀನು ನೋಡಿದ್ದು ದಿಟವೇ. ನಾನು ಅಂಗೆ ಅನ್ನಬಾರ್ದಾಗಿತ್ತು."

ಸೋಮವಾರ ಅವಳು ಬೇರಿನ ಚೂರನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದಳು, ಅದೂ ನನ್ನ ಒಳ್ಳೆಯ ಸ್ಟೀಲ್ ಡಬ್ಬಿಯಲ್ಲಿ. ನಾನು ಬೇಡವೆನ್ನಲಿಲ್ಲ. ಮಧ್ಯಾಹ್ನ ಏರಿಯ ತುದಿಯಲ್ಲಿ ನಿಂತಾಗ, ದೂರದಿಂದಲೇ ಇಬ್ಬರ ಜಗಳ ಕೇಳಿಸಿತು.

"ಮುಚ್ಚಳ ತೆಗೆದಿದ್ದು ನಾನು! ಎಲ್ರೂ ಮೂಗು ಮುಚ್ಕೊಂಡ್ರಲ್ಲ, ಅವಾಗ ಹೇಳಿದ್ದೂ ನಾನೇ!"

"ನಾನ್ ನೋಡ್ದೆ ಅಂದ್ಮೇಲೆ ತಾನೇ ನಂಬಿದ್ದು!"

ಹತ್ತಿರ ಬಂದ ಸುಕೃತಿ ಬ್ಯಾಗು ನನ್ನ ಹೆಗಲಿಗೆ ತಗುಲಿಸಿದಳು. ನೀರಿನ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು. "ಅಮ್ಮಾ, ಒಂದು ಡೌಟು. ಅವತ್ತು ಕುತ್ತಿಗೆ ಇನ್ನೂ ದಪ್ಪ ಇತ್ತು. ಹಾವಕ್ಕಿದು ಸಣ್ಣ."

"ಇದ್ದಿರಬಹುದು."

"ಬೇರೆ ಏನಾದ್ರೂ ಇರಬಹುದಾ?"

"ನೋಡೋಣ," ಅಂದೆ. ಒಲೆಯ ಮೇಲೆ ಬೇಳೆಯಿಟ್ಟು ಬಂದಿರಲಿಲ್ಲ, ಪುಣ್ಯಕ್ಕೆ. ಹುಣಸೆಮರದ ನೆರಳಲ್ಲಿ ಅವಳ ಪಕ್ಕ ಕೂತೆ. ಗಾನವಿ ಇನ್ನೊಂದು ಪಕ್ಕ ಕೂತಳು. ಬಿಸಿಲು ಇನ್ನೂ ಇತ್ತು.