ಕೇಳಿದ್ದು ನನ್ನ ಗಂಡನನ್ನು

ಮಲಕಾಜಪ್ಪ ಗುರೂಜಿ ನನ್ನ ಲೇಖನಕ್ಕೆ ಅನುಮತಿ ಕೇಳಿದ್ದು ನನ್ನ ಗಂಡನನ್ನು. ಆಗ ನಾನು ಒಳಗೆ ಅವರಿಗೆಂದೇ ಚಹಾ ಮಾಡುತ್ತಿದ್ದೆ. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ನಾವಿರುವ ಸೊರಡಿಯಲ್ಲೇ ಮನೆಯಲ್ಲಿ ಕೂತು ಗಡಿನಾಡಿನ ಈ ಜತ್ತ ಭಾಗದವರ ಕನ್ನಡ ಬರಹಗಳನ್ನೆಲ್ಲ ತಮ್ಮ ವೆಬ್‌ಸೈಟಿಗೆ ಹಾಕುತ್ತಾರೆ. ಒಳ್ಳೆಯ ಕೆಲಸವೇ. ಆದರೆ ನಮ್ಮ ಕಡೆ ಮದುವೆಯಾದ ಹೆಂಗಸಿನದು ಏನೇ ಬೇಕಿದ್ದರೂ ಮನೆಯ ಗಂಡಸನ್ನು ಕೇಳಿದರೆ ಮುಗಿಯಿತು.

ನನ್ನ ಗಂಡ ಮಲ್ಲಿನಾಥ ಉಬ್ಬಿಹೋದ. “ಹಾಕ್ರಿ ಗುರೂಜಿ, ಅದರಾಗ ಕೇಳೂದೇನೈತಿ?” ಎಂದನಂತೆ. ಯಾವ ಲೇಖನವೆಂದೂ ಕೇಳಲಿಲ್ಲ. ನಾನು ಚಹಾ ತಂದಿಟ್ಟಾಗ ಮಾತು ಮಳೆಯ ಮೇಲೆ ಹೋಗಿತ್ತು.

ಆ ಲೇಖನ ನನ್ನ ಅವ್ವ ಇಂದ್ರಾಬಾಯಿಯ ಬದುಕು. ನನ್ನ ತವರೂರು ದರಿಬಡಚಿಯಿಂದ ಕಬ್ಬು ಕಡಿಯಲು ಹೋದಾಗ, ಕಬ್ಬಿನ ಹೊಲದ ಗುಡಿಸಲಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿತ್ತು. ನನಗಿಂತ ಮೊದಲು. ಪೂನಮ ಎಂದು ಹೆಸರಿಟ್ಟಳು. ಕೂಲಿಯವರನ್ನು ಕರೆದೊಯ್ದ ಮುಕಾದಮ ಬಿಡಲಿಲ್ಲವೆಂದು ಹಸಿಗೂಸನ್ನು ಮಲಗಿಸಿ ಕೆಲಸಕ್ಕೆ ಹೋದಳು. ತಿರುಗಿ ಬಂದಾಗ ಕೂಸು ತಣ್ಣಗಾಗಿತ್ತು. ಊರಿಗೆ ಬಂದು, ಬಸಿರು ನಿಲ್ಲಲಿಲ್ಲ ಎಂದು ಹೇಳಿಬಿಟ್ಟಳು. ಅಪ್ಪನೂ ಸಾಯುವತನಕ ಹಾಗೆಯೇ ಹೇಳಿದ.

“ಬರಿಯವ್ವಾ, ಯಾರರೆ ಆಕೀನ ನೆನೀಲಿ,” ಎಂದಿದ್ದಳು ಅವ್ವ. “ಆದ್ರ ನಮ್ಮೂರಿಗೆ ಬರೂ ಪೇಪರದಾಗ ಬ್ಯಾಡ.”

ಅದಕ್ಕೇ ದೂರದ ಸಣ್ಣ ಪತ್ರಿಕೆಯೊಂದಕ್ಕೆ ಕಳಿಸಿದ್ದೆ. ಗುರೂಜಿ ಅದನ್ನು ಅಂಚೆಯಲ್ಲಿ ತರಿಸುತ್ತಾರೆಂದು ನನಗೇನು ಗೊತ್ತು? ವೆಬ್‌ಸೈಟಿಗೆ ಹಾಕುವಾಗ ಮೇಲೆ ‘ದರಿಬಡಚಿಯ ಹೆಮ್ಮೆಯ ಮಗಳು ರೂಪಾಲಿ’ ಎಂದು ಬೇರೆ ಸೇರಿಸಿದರು. ವಾಟ್ಸಾಪಿನಲ್ಲಿ ಅದು ಅವ್ವನ ಊರೆಲ್ಲ ಸುತ್ತಿತು. ಸಿಟ್ಟು ತಡೆಯಲಾರದೆ ಅವರ ಮನೆಗೆ ನಡೆದೆ.

“ಕೆಳಗ ಕೃಪೆ ಅಂತ ಪತ್ರಿಕೆ ಹೆಸರು ಹಾಕೀನಲ್ಲ ತಂಗಿ,” ಎಂದರು ಗುರೂಜಿ. “ನಿಮ್ಮ ಯಜಮಾನ್ರೂ ಹೂಂ ಅಂದಾರ.”

“ಹಡದಾಕಿ ನಮ್ಮವ್ವ, ಬರದಾಕಿ ನಾನು. ಹೂಂ ಅನ್ನಾಕ ಅವರ್‍ಯಾರ್‍ರಿ?”

ಅವರ ಮುಖ ಸಣ್ಣದಾಯಿತು. ನನ್ನೆದುರೇ ಅಳಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಅಲ್ಲಿಂದಲೇ ದರಿಬಡಚಿಗೆ ಹೋದೆ. ಸತ್ತವರ ಮನೆಗೆ ಹೆಂಗಸರು ಮಾತಾಡಿಸಲು ಬಂದು, ಕೂತು, ಹಾಡ್ಯಾಡಿಕೊಂಡು ಅಳುವುದು ನಮ್ಮಲ್ಲಿ ರೂಢಿ. ಸುದ್ದಿ ತಿಳಿದೂ ಬರದಿದ್ದರೆ ತಪ್ಪು. ಇಷ್ಟು ವರ್ಷಗಳ ಮೇಲೆ ತಿಳಿದರೂ ಅವರು ಬಂದಿದ್ದರು. ಪಡಸಾಲೆ ತುಂಬಿತ್ತು. ಪಕ್ಕದ ಮನೆಯ ಸಾವಿತ್ರೆವ್ವ ಎದೆ ಬಡಿದುಕೊಳ್ಳುತ್ತಿದ್ದಳು.

“ಪೂನಮಾ, ನನ್ನ ಕೂಸ, ನಿನ್ನ ಬಿಟ್ಟು ಹೆಂಗ ಹ್ವಾದ್ಲ ನಿಮ್ಮವ್ವ!”

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅವಳ ಕೈ ಹಿಡಿದೆ. ನನಗೆ ಅಳು ಬಂತು.

“ತೆಗಿಸೀನಿ ಅವ್ವಾ. ಇನ್ನ ಅದು ಅಲ್ಲಿಲ್ಲ.”

ಅವ್ವ ಕೈ ಬಿಡಿಸಿಕೊಂಡಳು.

“ದಿನಾ ಮುಂಜಾನೆದ್ದು ಮನಸಿನ್ಯಾಗ ಆಕೀನ ಹೆಸರು ಹಿಡದು ಕರೀತಿದ್ನಿ,” ಎಂದಳು. “ಈಗ ಕರಿಯಾಕ ಹ್ವಾದ್ರ ಸಾವಿತ್ರಿ ದನಿ ಬರಾಕತ್ತೈತಿ.”