ಕಣಜದ ಕೀಲಿ

ಬಿಟ್ಟಿ ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಗುರುತು ಪರಿಚಯವಿಲ್ಲದವನೊಬ್ಬ ಕರೆಯದೆ ಕೊಟ್ಟಿಗೆಗೆ ಬಂದು ನಿಮ್ಮ ಹಸುವಿನ ಹಾಲು ಕರೆದುಕೊಟ್ಟರೆ ಸುಮ್ಮನೆ ಇರುತ್ತೀರಾ? ಹಸು ಇದೆಯೋ ಹೋಯಿತೋ ಎಂದು ಎದ್ದು ನೋಡುತ್ತೀರಿ ತಾನೇ? ನಾನು ಮಾಡಿದ್ದೂ ಅಷ್ಟೇ.

'ಕಣಜ' ಎಂದು ನಾನೊಂದು ಪ್ರೋಗ್ರಾಂ ಬರೆದಿದ್ದೇನೆ. ಅದು ಒಂಟಿಯಾಗಿ ಓಡುವಂಥದ್ದಲ್ಲ, ಬೇರೆ ಯಂತ್ರಗಳ ಹೊಟ್ಟೆಯೊಳಗೆ ಕೂರುವಂಥದ್ದು. ಒಂದು ಹೆಸರು ಹೇಳಿ ಏನನ್ನಾದರೂ ಕೊಟ್ಟರೆ ಇಟ್ಟುಕೊಳ್ಳುತ್ತದೆ, ಅದೇ ಹೆಸರು ಹೇಳಿ ಕೇಳಿದರೆ ವಾಪಸ್ಸು ಕೊಡುತ್ತದೆ. ನಡುವೆ ಕರೆಂಟು ಹೋದರೂ ಮರೆಯಬಾರದು. ಹೇಳುವುದಕ್ಕೆ ಇಷ್ಟೇ, ಮಾಡುವುದರೊಳಗೆ ನನ್ನ ತಲೆಗೂದಲೆಲ್ಲ ಹೋಯಿತು. ಪಂಪ್‌ಸೆಟ್ಟಿನ ಸ್ಟಾರ್ಟರುಗಳಲ್ಲಿ, ಡೈರಿಯಲ್ಲಿ ಹಾಲು ಪರೀಕ್ಷಿಸುವ ಮೆಷಿನ್ನುಗಳಲ್ಲಿ, ಇನ್ನೂ ಎಲ್ಲೆಲ್ಲೋ ಕಣಜ ಕೂತಿದೆ. ಯಾರು ಬೇಕಾದರೂ ನೋಡಲಿ, ತಿದ್ದಿ ಕಳಿಸಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಚ್ಚಿಟ್ಟಿದ್ದೇನೆ. ಆದರೆ ಕಳಿಸಿದ ತಿದ್ದುಪಡಿಯನ್ನು ಒಳಗೆ ಬಿಡುವ ಕೀಲಿ ಮಾತ್ರ ನನ್ನೊಬ್ಬನ ಹತ್ತಿರ.

ಹೋದ ವರ್ಷ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಕಂಪ್ಯೂಟರ್ ಮುಂದೆ ಕೂರುವುದನ್ನು ಬಿಡಿ ಎಂದು ಮೈಸೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಂಬಿಕಸ್ಥರೊಬ್ಬರ ಕೈಗೆ ಕೀಲಿ ಕೊಡದೆ ಹೋದರೆ ಕಣಜ ನನ್ನ ಕಣ್ಣಿನ ಜೊತೆಗೇ ಮುಗಿಯುತ್ತದೆ. ಆ ಯೋಚನೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಎಂ.ಎನ್. ಬಂದ. ಊರಿಲ್ಲ, ಫೋಟೋ ಇಲ್ಲ, ಬರೀ ಎರಡಕ್ಷರ. ನೆನಪಿನ ಚಿಪ್ಪಿಗೆ ಬರೆದು ಮುಗಿಯುವ ಮೊದಲೇ ಕಣಜ 'ಇಟ್ಟುಕೊಂಡೆ' ಎಂದು ಸುಳ್ಳು ಹೇಳುವ ಜಾಗವೊಂದು ಇತ್ತು. ನಾನು ವರ್ಷಗಟ್ಟಲೆ ಹುಡುಕಿದರೂ ಸಿಗದ ಆ ತಪ್ಪನ್ನು ಈ ಆಸಾಮಿ ಹುಡುಕಿ, ತಿದ್ದಿ, 'ಬಿಡುವಾದಾಗ ನೋಡಿ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕಳಿಸಿದ. ಆಮೇಲೆ ಇನ್ನೊಂದು, ಮತ್ತೊಂದು. ಒಂದರಲ್ಲೂ ಹುಳುಕಿಲ್ಲ. ಅದೇ ನನಗೆ ಹಿಡಿಸಲಿಲ್ಲ.

ಚಿನಕುರಳಿಯ ಕುಮಾರ್ ನನ್ನ ಹಳೆಯ ಗೆಣೆಕಾರ. ಸ್ಟಾರ್ಟರುಗಳಿಗೆ ಕಣಜ ಹಾಕಿ ಮಾರುವವನು ಅವನೇ. ಅವನಿಗೆ ಹೇಳಿದೆ.

"ಊರ್ಯಾವ್ದಂತೆ?" ಎಂದ.

"ಗೊತ್ತಿಲ್ಲ ಕಣ್ಲಾ."

"ಕಾಸ್ ಕೇಳವ್ನಾ?"

"ಇಲ್ಲ."

"ಅಯ್ಯಯ್ಯೋ! ಅಂಗಾರೆ ಏನೋ ಐತೆ ಬುಡು. ಸುಮ್‌ಸುಮ್ನೆ ಯಾವನ್ಲಾ ಮೈ ಬಗ್ಗಿಸ್ತಾನೆ? ವಸಿ ಉಸಾರಾಗಿರು."

ಹೊರದೇಶದಲ್ಲೆಲ್ಲೋ ಒಬ್ಬ ಹೀಗೆಯೇ ಒಳ್ಳೆಯವನ ಹಾಗೆ ಬಂದು, ಕೊನೆಗೆ ಕಳ್ಳಬಾಗಿಲು ಇಟ್ಟುಹೋದ ಸುದ್ದಿಯನ್ನು ನಾನೂ ಓದಿದ್ದೆ. ಅಷ್ಟರಲ್ಲಿ ಎಂ.ಎನ್. ಬರೆದ: 'ನಿಮಗೆ ಕೆಲಸ ಹೆಚ್ಚಾದಂತಿದೆ. ಒಪ್ಪುವುದಾದರೆ ಕೀಲಿಯ ಜವಾಬ್ದಾರಿಯಲ್ಲಿ ನಾನೂ ಪಾಲು ತೆಗೆದುಕೊಳ್ಳುತ್ತೇನೆ.' ಬಂತಲ್ಲ ದಾರಿಗೆ ಎಂದುಕೊಂಡೆ.

ನಮ್ಮವ್ವ ಪುಟ್ಟಗೌರಮ್ಮ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡಿತು. "ಯಾರು ಎತ್ತ ಅಂತ ಒಂದ್ ಮಾತ್ ಕೇಳ್ಬುಡ್ಲಾ ಅತ್ಲಾಗಿ. ಬಾಯಿಲ್ವಾ ನಿಂಗೆ?" ಎಂದಿತು. ಕಳ್ಳ ಎಲ್ಲಾದರೂ ನಾನು ಕಳ್ಳ ಎನ್ನುತ್ತಾನಾ? ಅವ್ವನಿಗೇನು ಗೊತ್ತು ಎಂದು ಸುಮ್ಮನಾದೆ.

ನಾನು ಬೇರೆ ಉಪಾಯ ಹೂಡಿದೆ. ಇಟ್ಟದ್ದನ್ನು ಹೊರಗೆ ಕೊಡುವ ಮೊದಲು ಕಣಜ ಅದು ಕೆಟ್ಟಿದೆಯೇ ಎಂದು ಒಮ್ಮೆ ಪರೀಕ್ಷಿಸುತ್ತದೆ. ಹೊಸ ಆವೃತ್ತಿಯಲ್ಲಿ ಆ ಪರೀಕ್ಷೆಯನ್ನೇ ಕಿತ್ತುಹಾಕಿದೆ, ನನ್ನ ಹೆಸರಿನಲ್ಲೇ. ಕಳ್ಳನಾದರೆ ಈ ತೂತನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಾನೆ, ಮುಂದೆ ಅದರಲ್ಲೇ ನುಗ್ಗುತ್ತಾನೆ. ಯೋಗ್ಯನಾದರೆ ತಕ್ಷಣ ನನಗೆ ಬರೆಯುತ್ತಾನೆ. ಬಿಡುಗಡೆಗೆ ಮೊದಲು ನಾನೇ ಮುಚ್ಚಿಬಿಟ್ಟರಾಯಿತು. ಎಂಥ ತಲೆ ನನ್ನದು ಎಂದು ಬೀಗಿದೆ.

ಮಾರನೆಯ ದಿನ ಬೆಳಗ್ಗೆ ಅವನಿಂದ ಪತ್ರವಿಲ್ಲ. ಊಟದ ಹೊತ್ತಾಯಿತು, ಇಲ್ಲ. ಯಾವತ್ತೂ ಇಷ್ಟು ತಡ ಮಾಡಿದವನಲ್ಲ. "ಸಿಕ್ಕಾಕ್ಕಂಡ ಕಣ್ಲಾ ಬಡ್ಡೀಮಗ!" ಎಂದು ಕುಮಾರನಿಗೆ ಫೋನು ಮಾಡಿ ಕೂಗಿದೆ. ಸತ್ಯವಾಗಿ ಹೇಳುತ್ತೇನೆ, ನನಗೆ ಹಬ್ಬದಷ್ಟು ಖುಷಿಯಾಗಿತ್ತು.

ಫೋನು ಇಡುವುದಕ್ಕೂ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಬೆನ್ನಿಗೆ ಬ್ಯಾಗು, ಮುಖದ ತುಂಬ ಬೆವರು.

"ರವೀಂದ್ರ ಸಾರ್ ನೀವೇನಾ? ನಾನು ಮೇಘನ ಅಂತ ಸಾರ್, ನಾಗಮಂಗಲ. ಕಣಜಕ್ಕೆ ತಿದ್ದುಪಡಿ ಕಳಿಸ್ತಿದ್ದೆನಲ್ಲ, ಎಂ.ಎನ್., ನಾನೇ. ಮೊದ್ಲು ನಿಮ್ಮ ಪಾಸ್‌ವರ್ಡ್ ಬದಲಾಯ್ಸಿ. ನಿಮ್ಮ ಹೆಸ್ರಲ್ಲಿ ಯಾರೋ ಒಳಕ್ಕೆ ನುಗ್ಬುಟ್ಟವ್ರೆ!"

"ಒಂದು ಪತ್ರ ಬರೆಯೋದಲ್ವಾ?" ಎಂದೆ.

"ಎಂಗೆ ಬರೀಲಿ ಸಾರ್? ಬರೆದ್ರೆ ಆ ಕಳ್ಳನ ಕೈಗೇ ಸಿಗ್ತಿತ್ತು. ನಿಮ್ಮ ನಂಬರ್ ಎಲ್ಲೂ ಇಲ್ಲ, ಪಾಂಡವಪುರ ಅಂತ ಮಾತ್ರ ಹಾಕಿದ್ದೀರಿ. ಅದ್ಕೆ ಬಸ್ ಹತ್ತಿ, ಇಲ್ಲಿ ನಿಮ್ಮ ಹೆಸ್ರು ಹೇಳಿ ಮನೆ ಕೇಳ್ಕೊಂಡು ಬಂದ್ಬುಟ್ಟೆ. ಜಕ್ಕನಹಳ್ಳಿ ಹತ್ರ ಬಸ್ ಕೆಟ್ಟೋಗಿ ತಡ ಆಯ್ತು."

ಅವ್ವ ಒಳಗಿನಿಂದ ಕಾಫಿ ತಂದು, "ಕುಂತ್ಕಳವ್ವ ಮಗ, ಸುದಾರಿಸ್ಕೊ" ಎಂದಿತು. ಹುಡುಗಿ ಜಗಲಿಯ ಮೇಲೆ ಕೂತಳು. ಡೈರಿಗಳ ಹಾಲಿನ ಮೆಷಿನ್ನು ರಿಪೇರಿ ಮಾಡುವವಳಂತೆ. ಕರೆಂಟು ಹೋದಾಗೆಲ್ಲ ಅಳತೆ ಅಳಿಸಿಹೋಗಿ, ಹಾಲು ಹಾಕಿದವರೆಲ್ಲ ಇವಳನ್ನು ಹಿಡಿದು ಬೈಯುತ್ತಿದ್ದರಂತೆ. ಅದಕ್ಕೇ ಕಣಜವನ್ನು ತಿದ್ದಲು ಕೂತದ್ದು.

"ಇದನ್ನ ಯಾವತ್ತೂ ಹೇಳಲೇ ಇಲ್ವಲ್ಲಮ್ಮ?"

"ನೀವು ಕೇಳ್ಲಿಲ್ವಲ್ಲ ಸಾರ್," ಎಂದು ನಕ್ಕಳು. "ಯಾರೂ ಎದರ್ಕಬಾರ್ದು ಅಂತ ಕಣಜ ಬಳಸೋರಲ್ಲಿ ನಂಗೆ ಗೊತ್ತಿರೋರಿಗೆಲ್ಲ ಬೆಳಗ್ಗೇನೇ ಬರೆದಿದ್ದೀನಿ. ರವೀಂದ್ರ ಸಾರ್ ಇಂಥ ಕೆಲ್ಸ ಮಾಡೋರಲ್ಲ, ಅವರ ಪರವಾಗಿ ನಾನು ನಿಲ್ತೀನಿ ಅಂತ."

ಹೌದಮ್ಮ, ಯಾರೋ ನುಗ್ಗಿದ್ದಾರೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೀಲಿಯನ್ನೂ ಅವಳ ಕೈಗಿಟ್ಟು ನಿಶ್ಚಿಂತೆಯಾಗಬಹುದಿತ್ತು. ಆದರೆ ನನಗಾಗಿ ಬಿಸಿಲಲ್ಲಿ ಬಂದವಳ ಮುಖ ನೋಡಿಕೊಂಡು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಯಾರೂ ನುಗ್ಗಿಲ್ಲ ಕಣಮ್ಮ. ನಾನೇ ಹಾಕಿದ್ದು. ನೀನು ಎಂಥೋಳು ಅಂತ ನೋಡೋಕೆ."

"ನಾನಾ?" ಎಂದಳು. ಲೋಟವನ್ನು ಕೆಳಗಿಟ್ಟಳು. "ಜನ ನನ್ನ ಮಾತ್ ನಂಬಿ ಸುಮ್ಕಿದ್ದಾರೆ ಸಾರ್. ಈಗ ಅವರಿಗೆ ಏನಂತ ಬರೀಲಿ?"

"ನಾನೇ ಬರೀತೀನಿ. ಕೀಲಿ ಇವತ್ತೇ ತಗೊಂಡುಬಿಡು ತಾಯಿ, ನಂದು ತಪ್ಪಾಯ್ತು."

"ಬ್ಯಾಡಿ ಸಾರ್. ನಾಳೆ ಇನ್ನೊಂದ್ ಪರೀಕ್ಷೆ ಮಾಡ್ತೀರಿ."

ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಬಸ್‌ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಡುತ್ತೇನೆಂದರೂ ಒಪ್ಪಲಿಲ್ಲ. ಅವ್ವ ನನ್ನ ಕಡೆ ತಿರುಗಿಯೂ ನೋಡದೆ ಲೋಟ ಎತ್ತಿಕೊಂಡು ಒಳಗೆ ಹೋಯಿತು.

ನಾನು ತೂತು ಮುಚ್ಚಿದೆ. ನಡೆದದ್ದನ್ನು ನಡೆದ ಹಾಗೆಯೇ ಎಲ್ಲರಿಗೂ ಬರೆದೆ. ಮಾರನೆಯ ವಾರ ಕುಮಾರನ ಫೋನು ಬಂತು.

"ಲೋ ರವಿ, ಆ ಹುಡ್ಗಿ ಕಣಜದ ಕಾಪಿ ತಗಂಡು ತಾನೇ ಬ್ಯಾರೆ ನಡುಸ್ತಾವ್ಳೆ. ಎಲ್ಲಾರೂ ಅದುಕ್ಕೇ ಓಯ್ತಾವ್ರೆ. ನಮ್ ಸ್ಟಾರ್ಟರ್ಗೂ ಅದ್ನೇ ಹಾಕುಸ್ತೀನಿ ಕಣ್ಲಾ, ಬೇಜಾರ್ ಮಾಡ್ಕಬ್ಯಾಡ."

"ಲೇ ಕುಮಾರ, ನೀನೂನಾ?"

"ಇನ್ನೇನ್ಲಾ ಮಾಡ್ಲಿ? ತೂತು ಕೊರ್ದೋನು ನಾನೇ ಅಂತ ನೀನೇ ಬರ್ಕಂಡಿದ್ದೀಯ. ನಿನ್ನ ಎಂಗ್ಲಾ ನಂಬೋದು?"

ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡೆ.

"ಹಾಕ್ಸು ಕಣ್ಲಾ," ಎಂದೆ. "ಅವಳ ಕೈಲಾದ್ರೂ ಕಣಜ ಉಳ್ಕೊತದೆ."