ಹೋಲಿಕೆಗೆ ಕೂತ ಆರು ಜನ

ಚೀಟಿ ಎತ್ತುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಅತ್ತೆ ತಮ್ಮ ವಜ್ರದ ಮೂಗುಬಟ್ಟನ್ನು ಇಬ್ಬರು ಸೊಸೆಯರಲ್ಲಿ ಯಾರಿಗೆ ಕೊಡುವುದೆಂದು ಚೀಟಿ ಹಾಕಿಸಿದರು. ಹಿರಿಯ ಸೊಸೆ ನಾನು. ಬಂದದ್ದು ವಾರಗಿತ್ತಿ ವೃಂದಾಳಿಗೆ. ಮೂವತ್ತು ವರ್ಷದಿಂದ ಅದನ್ನು ಹಾಕಿಕೊಂಡು ನನ್ನ ಕಣ್ಣೆದುರೇ ಓಡಾಡುತ್ತಿದ್ದಾಳೆ. ಪುರಸೈವಾಕ್ಕಂ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವಳದು ಮೊದಲ ಮಹಡಿ, ನನ್ನದು ಟೆರೇಸಿನ ಕೆಳಗಿನ ಮನೆ.

ಹೀಗಿರುವಾಗ ಎದುರುಮನೆಯ ಸುಮೇಧಾ ಒಂದು ಚೊಂಬಿನಲ್ಲಿ ಹನ್ನೆರಡು ಚೀಟಿ ಹಾಕಿಕೊಂಡು ಬಂದಳು. ನರ್ಸಿಂಗ್ ಎಂ.ಎಸ್ಸಿ. ಓದುವ ಹುಡುಗಿ. ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮದಿಂದ ರಕ್ತದ ಸಕ್ಕರೆ ಇಳಿಯುತ್ತದೆಯೇ ಎಂಬುದು ಅವಳ ಪ್ರಬಂಧ. ಕಟ್ಟಡದ ಹನ್ನೆರಡು ಸಕ್ಕರೆ ಕಾಯಿಲೆಯ ಹೆಂಗಸರಲ್ಲಿ ಆರು ಜನಕ್ಕೆ ಮೂರು ತಿಂಗಳು ಸಂಜೆ ಟೆರೇಸಿನಲ್ಲಿ ಕ್ಲಾಸು. ಉಳಿದವರು ಎಂದಿನಂತೆ ಮಾತ್ರೆ ನುಂಗಿಕೊಂಡಿರಬೇಕು. ವೃಂದಾಳಿಗೆ ಕ್ಲಾಸು ಬಂತು. ನನ್ನ ಚೀಟಿಯಲ್ಲಿ ‘ಹೋಲಿಕೆ’ ಎಂದಿತ್ತು.

“ನಾನ್ಯಾಕೆ ಸುಮ್ನೆ ಕೂತ್ಕೋಬೇಕು?” ಎಂದೆ.

“ನೀವೇ ರೊಂಬ ಮುಖ್ಯ ಮಾಮಿ. ಬರೀ ಕ್ಲಾಸ್‌ನವರ ಶುಗರ್ ನೋಡಿದ್ರೆ, ಕ್ಲಾಸಿಂದಾನೇ ಇಳೀತು ಅಂತ ಹೇಗೆ ಹೇಳ್ಲಿ? ನಿಮ್ಮ ಜೊತೆ ಹೋಲಿಸಿದ್ರೆ ತಾನೇ ಗೊತ್ತಾಗೋದು. ನಾನೇ ಆರಿಸಿದ್ರೆ ನನಗೆ ಬೇಕಾದವರನ್ನ ಹಾಕ್ಬಿಡ್ತೀನಿ, ಅದಕ್ಕೇ ಚೀಟಿ.”

ಮಾತೇನೋ ಸರಿ. ಆದರೆ ಮೊದಲ ಸಂಜೆಯೇ ಸುಮೇಧಾಳ ಎಣಿಕೆ, ಅದರ ಹಿಂದೆ ವೃಂದಾಳ ನಗು ನನ್ನ ಕಿಟಕಿಯೊಳಗೆ ಬಂದವು. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಇಡುವುದೇಕೆ, ಹೊಟ್ಟೆಕಿಚ್ಚೇ. ಸಂಡಿಗೆ ಒಣಗಿದೆಯೇ ನೋಡುವ ನೆಪದಲ್ಲಿ ಮೇಲೆ ಹೋಗಿ ಎಲ್ಲ ನೋಡಿಕೊಂಡು ಬಂದೆ. ಮರುದಿನದಿಂದ ಮೇಲಿನ ಎಣಿಕೆಗೆ ಕೆಳಗೆ ನಾನೂ ಕೈಕಾಲು ಆಡಿಸಿದೆ. ಅವರು ಹತ್ತು ಅಂದರೆ ನಾನು ಹನ್ನೆರಡು.

ವಾರ ಕಳೆಯುವುದರಲ್ಲಿ ನನ್ನ ಗುಂಪಿನ ಬೇಬಿ ಬಾಗಿಲು ತಟ್ಟಿ ನನ್ನನ್ನು ಹಿಡಿದುಹಾಕಿದಳು. ಬೈಯಲಿಲ್ಲ, ಒಂದು ಕುರ್ಚಿ ಎಳೆದುಕೊಂಡು ಕೂತಳು. ತಿಂಗಳೊಳಗೆ ಹೋಲಿಕೆಯ ಆರೂ ಜನ ನನ್ನ ನಡುಮನೆಯಲ್ಲಿ ಕೈಕಾಲು ಆಡಿಸುತ್ತಿದ್ದೆವು. ಕಡೆಗೆ ಸಕ್ಕರೆಯಿಲ್ಲದ ಕಾಫಿ, ಬೇಬಿಯ ತಮಾಷೆ, ಹೊಟ್ಟೆ ಹಿಡಿದುಕೊಂಡು ನಗು.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ. ಸುಮೇಧಾ ಹನ್ನೆರಡು ಜನರನ್ನೂ ಟೆರೇಸಿಗೆ ಕರೆದಳು. ಮುಖ ಇಳಿದಿತ್ತು.

“ಎರಡು ಗುಂಪಿಗೂ ಶುಗರ್ ಸರಾಸರಿ ಒಂದೇ ಸಮ ಇಳಿದಿದೆ. ಕ್ಲಾಸಿಂದ ಏನೂ ಪ್ರಯೋಜನ ಇಲ್ಲ ಅಂತಲೇ ಬರೀಬೇಕು. ಇನ್ನು ದೊಡ್ಡ ಸ್ಟಡಿಗೆ ನಮ್ಮ ಗೈಡ್ ಗುರುಚರಣ ಸಾರ್ ಒಪ್ಪಲ್ಲ.”

ವೃಂದಾ ನನ್ನ ಕೈಯಲ್ಲಿದ್ದ ರಿಪೋರ್ಟನ್ನು ಬಗ್ಗಿ ನೋಡಿದಳು. ಅವಳಿಗಿಂತ ನನ್ನದೇ ಹೆಚ್ಚು ಇಳಿದಿತ್ತು. “ನಾನು ಮೂರು ತಿಂಗಳು ಕೈಕಾಲು ಬಡಿದೆ. ನೀವು ಕೂತಲ್ಲೇ ಇಳಿಸ್ಬಿಟ್ರಿ. ನಿಮ್ಮ ಅದೃಷ್ಟ ಯಾರಿಗೂ ಬರಲ್ಲ ಅಕ್ಕ.”

ಈ ಮಾತು ಅವಳ ಬಾಯಿಂದ ಬರಲೆಂದು ನಾನು ಮೂವತ್ತು ವರ್ಷ ಕಾದಿದ್ದೆ. ಸುಮ್ಮನಿದ್ದರೆ ಅದು ನನ್ನದೇ. ಬಾಯಿಬಿಟ್ಟರೆ ವೃಂದಾಳ ಕ್ಲಾಸು ಗೆದ್ದಂತೆ, ನಾನು ಅವಳನ್ನು ಕದ್ದು ನೋಡಿ ಕಾಪಿ ಹೊಡೆದವಳು. ಬೇಬಿ ನೆಲ ನೋಡುತ್ತಿದ್ದಳು. ಸುಮೇಧಾ ಕಾಗದಗಳನ್ನು ಮಡಿಸುತ್ತಾ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡಳು. ನನಗೆ ಕಂಡಿತು.

“ನಾವು ಸುಮ್ನೆ ಕೂರ್ಲಿಲ್ಲಮ್ಮಾ,” ಎಂದು ಎಲ್ಲ ಹೇಳಿದೆ.

ಸುಮೇಧಾ ಮಡಿಸಿದ ಕಾಗದಗಳನ್ನು ಮತ್ತೆ ಬಿಚ್ಚಿದಳು. “ಹಾಗಾದ್ರೆ ಹೋಲಿಸೋಕೆ ಯಾರೂ ಇರ್ಲೇ ಇಲ್ಲ,” ಎಂದಳು. “ನಡೆದದ್ದನ್ನ ನಡೆದ ಹಾಗೇ ಬರೀತೀನಿ. ಸಾರ್ ಬೈತಾರೆ, ಬೈಲಿ. ಬೇರೆ ಕಟ್ಟಡದಲ್ಲಿ ಮತ್ತೆ ಮೊದಲಿಂದ ಮಾಡ್ತೀನಿ. ನೀವು ಮಾತ್ರ ಆ ಕಡೆ ಬರ್ಬೇಡಿ ಮಾಮಿ.”

ಮೆಟ್ಟಿಲಿಳಿಯುವಾಗ ವೃಂದಾ ಹಿಂದೆಯೇ ಬಂದಳು. ಈಗ ಚುಚ್ಚುತ್ತಾಳೆ ಎಂದು ಕಾದೆ.

“ದಿನಾ ಕೆಳಗಿಂದ ನೀವೆಲ್ಲ ನಗೋದು ಕೇಳಿಸ್ತಿತ್ತು,” ಎಂದಳು. “ಭಜನೆ ಗುಂಪು ಕಟ್ಕೊಂಡಿದ್ದೀರಿ, ನನ್ನನ್ನ ಕರೀಲಿಲ್ಲ ಅಂದ್ಕೊಂಡೆ. ಮೇಲೆ ಕ್ಲಾಸಲ್ಲಿ ನನಗೆ ಮನಸ್ಸೇ ಇರ್ಲಿಲ್ಲ ಅಕ್ಕ. ಹೊಟ್ಟೆ ಉರೀತಿತ್ತು.”

ಆ ಮೂಗುಬಟ್ಟಿನ ಮುಖದಲ್ಲಿ ಹೊಟ್ಟೆಕಿಚ್ಚು ನೋಡಬೇಕೆಂದೇ ಇಷ್ಟು ವರ್ಷ ಬದುಕಿದ್ದೆ. ನೋಡಿದ ಮೇಲೆ ಏನು ಮಾಡಬೇಕೋ ತೋಚಲಿಲ್ಲ.

“ನಾಳೆ ಸಂಜೆ ಆರು ಗಂಟೆಗೆ ನಮ್ಮನೆಗೆ ಬಾ,” ಎಂದೆ. “ಎಣಿಸೋದು ಮಾತ್ರ ನಾನೇ.”